ಹನ್ನೆರಡು ಜನ, ಒಂದೇ ಮೇಜು: ಮಾವನವರನ್ನು ಚೈನೀಸ್ ಹೋಟೆಲಿಗೆ ಕರೆದುಕೊಂಡು ಹೋಗುವುದು ಹೇಗೆ?

ಅರಕಲಗೂಡಿನವಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕೆ, ಡೈಮಂಡ್ ಬಾರ್‌ನಲ್ಲಿ. ಮಗನ ಹೈಸ್ಕೂಲು ಮುಗಿಯಿತು. ಎಲ್ಲರೂ ಹೊರಗೆ ಊಟ ಮಾಡೋಣ, ಎಲ್ಲಿ ಬೇಕು ಹೇಳು ಅಂದರೆ ಅವನದು ಒಂದೇ ಹಟ. ರೋಲಂಡ್ ಹೈಟ್ಸ್‌ನ ಚೈನೀಸ್ ಹೋಟೆಲೇ ಆಗಬೇಕಂತೆ. ಅವನ ಜೊತೆ ಓದಿದ ಹುಡುಗನ ಮನೆಯವರೂ ಬರುತ್ತಾರೆ. ಅವರು ತೈವಾನಿನವರು, ನಾಲ್ಕು ಜನ. ನಮ್ಮ ಮನೆಯಲ್ಲಿ ನಾಲ್ಕು, ಊರಿನಿಂದ ಬಂದಿರುವ ಅತ್ತೆ ಮಾವ, ಜೊತೆಗೆ ಹಿಂದಿನ ಬೀದಿಯ ತುಮಕೂರಿನ ಗಂಡ ಹೆಂಡತಿ. ಒಟ್ಟು ಹನ್ನೆರಡು.

ನನ್ನ ತಲೆಬಿಸಿ ಮಾವನವರದ್ದು. ಅವರು ಮೊಟ್ಟೆ ಕೂಡ ಮುಟ್ಟುವುದಿಲ್ಲ. "ನಾನು ಮನೇಲೇ ಮೊಸರನ್ನ ತಿಂದು ಬರ್ತೀನಮ್ಮ, ಅಲ್ಲಿ ಸುಮ್ನೆ ಕೂತಿರ್ತೀನಿ" ಅನ್ನುತ್ತಿದ್ದಾರೆ. ಮೊಮ್ಮಗನ ಊಟದಲ್ಲಿ ತಾತ ನೀರು ಕುಡಿದುಕೊಂಡು ಕೂರುವುದು ನನಗೆ ಇಷ್ಟವಿಲ್ಲ. ಅತ್ತೆಗೆ ಮೊಟ್ಟೆ ನಡೆಯುತ್ತದೆ, ಆದರೆ ಮಾವನವರ ಎದುರಿಗೆ ಇಲ್ಲ. ತುಮಕೂರಿನವರು ಎಲ್ಲಾ ತಿನ್ನುತ್ತಾರೆ. ಇಂಥ ಮಿಶ್ರ ಪಂಕ್ತಿಯನ್ನು ಯಾರಾದರೂ ಒಂದೇ ಮೇಜಿನಲ್ಲಿ ಸುಧಾರಿಸಿದ್ದೀರಾ? ಏನು ಆರ್ಡರ್ ಮಾಡಿದಿರಿ?

ಗಾಂಧಿಬಜಾರ್ ರಾಯರು

ತಾಯಿ, ವಯಸ್ಸಾದವರಿಗೆ ಯಾಕೆ ಈ ಹಿಂಸೆ? ನಿಮ್ಮ ಕಡೆಯಿಂದ ಆರ್ಟೀಸಿಯಾ ಎಷ್ಟು ದೂರ? ಪಯೋನಿಯರ್ ಬುಲೆವಾರ್ಡಿನ ಎರಡೂ ಕಡೆ ನಮ್ಮವರದ್ದೇ ಹೋಟೆಲುಗಳು. ಆ ತೈವಾನಿನವರನ್ನೂ ಅಲ್ಲಿಗೇ ಕರೆಯಿರಿ, ದೋಸೆ ತಿಂದು ಖುಷಿಪಡುತ್ತಾರೆ. ಚೈನೀಸ್ ಅಡುಗೆಮನೆಯಲ್ಲಿ ಹಂದಿ ಹುರಿದ ಬಾಣಲೆಯಲ್ಲೇ ಸೊಪ್ಪು ಹುರಿಯುತ್ತಾರೆ. ಅದರ ಮೇಲೆ ಅಜಿನೊಮೊಟೊ ಬೇರೆ. ನನಗಂತೂ ತಿಂದ ದಿನ ತಲೆನೋವು ಗ್ಯಾರಂಟಿ.

ಕುಂದಾಪುರದ ಹೆಣ್ಣು

ರಾಯರೇ, ಅದು ಹುಡುಗನ ಊಟ. ಇಷ್ಟು ವರ್ಷ ನಾವು ಹೇಳಿದ ಕಡೆಗೆಲ್ಲ ಬಂದು ತಿಂದಿದ್ದಾನೆ. ಒಂದು ಸಂಜೆ ಅವನು ಹೇಳಿದ ಕಡೆ ನಾವು ಹೋದರೆ ಏನು ಕಳೆದುಕೊಳ್ಳುತ್ತೇವೆ?

ಅಕ್ಕಾ, ಎಲ್ಲರೂ ಸಸ್ಯಾಹಾರದ ಚಿಂತೆಯನ್ನೇ ಮಾಡುತ್ತಾರೆ. ನಾನು ಉಳಿದವರ ಪರವಾಗಿ ಮಾತಾಡುತ್ತೇನೆ. ಆ ಮೇಜಿಗೆ ಒಂದು ಇಡೀ ಮೀನು ಬರಲೇಬೇಕು. ಒಳ್ಳೆಯ ಜಾಗಗಳಲ್ಲಿ ಗೋಡೆ ಪಕ್ಕ ಗಾಜಿನ ತೊಟ್ಟಿ ಇರುತ್ತದೆ. ನೀವು ಹೇಳಿದ ಮೇಲೆ ಬಲೆ ಹಾಕಿ ಹಿಡಿದು, ಮೇಜಿನ ಹತ್ತಿರ ತಂದು ತೋರಿಸಿ, ಆಮೇಲೆ ಒಳಗೆ ಒಯ್ಯುತ್ತಾರೆ. ಹಬೆಯಲ್ಲಿ ಬೇಯಿಸಿ, ಶುಂಠಿಯನ್ನೂ ಈರುಳ್ಳಿ ಸೊಪ್ಪನ್ನೂ ದಾರದಷ್ಟು ಸಣ್ಣಗೆ ಹೆಚ್ಚಿ ಮೇಲೆ ಹರಡಿ, ಹೊಗೆ ಬರುವ ಎಣ್ಣೆ ಸುರಿಯುತ್ತಾರೆ. ಚುಂಯ್ ಅನ್ನುತ್ತದೆ. ಕೊನೆಗೆ ಸೋಯಾ ಸಾಸ್. ಅಷ್ಟೇ. ಖಾರ ಇಲ್ಲ, ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ. ಮೀನು ಸ್ವಲ್ಪ ಹಳೆಯದಾದರೂ ಈ ಅಡುಗೆಯಲ್ಲಿ ಮುಚ್ಚಿಡಲು ಆಗುವುದಿಲ್ಲ. ಕರಾವಳಿಯವಳು ಹೇಳುತ್ತಿದ್ದೇನೆ, ನಂಬಿ.

ಬೆಲೆ ಮಾತ್ರ ಮೊದಲೇ ಕೇಳಿ. ಮೆನುವಿನಲ್ಲಿ "ಸೀಸನಲ್ ಪ್ರೈಸ್" ಅಂತ ಬರೆದು ಸುಮ್ಮನಾಗಿರುತ್ತಾರೆ. ಮೀನನ್ನು ತೂಕದ ಮೇಲೆ ಕೊಡುತ್ತಾರೆ.

ಬಸವನಗುಡಿ ಬಾಣಲೆ

ನಾನು ಫ್ರೀಮಾಂಟಿನಲ್ಲಿ ಅಡುಗೆ ಕೆಲಸದಲ್ಲೇ ಇರುವವನು. ಒಂದು ಮಾತು ಹೇಳಿಬಿಡುತ್ತೇನೆ. "ವೆಜ್ ಇದೆಯಾ?" ಅಂತ ಕೇಳಬೇಡಿ. ಇದೆ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಅವರ ಲೆಕ್ಕದಲ್ಲಿ ತರಕಾರಿ ಐಟಂ ಅಂದರೆ ಹೆಚ್ಚಾಗಿ ತರಕಾರಿ ಇರುವ ಐಟಂ. ಬೀನ್ಸ್ ತಟ್ಟೆ ಬರುತ್ತದೆ, ಎಣ್ಣೆಯಲ್ಲಿ ಬಾಡಿಸಿದ ಚಂದದ ಬೀನ್ಸ್. ಅದರ ನಡುವೆ ಕಂದು ಬಣ್ಣದ ಪುಡಿ ಪುಡಿ ಕಾಣುತ್ತದೆ. ಅದು ಹಂದಿ ಖೀಮಾ. ಕೆಲವು ಕಡೆ ಒಣ ಸೀಗಡಿಯೂ ಸೇರಿರುತ್ತದೆ.

ಹಾಗಾಗಿ ಪ್ರತಿ ತಟ್ಟೆಗೂ ಮೂರು ಪ್ರಶ್ನೆ: ಖೀಮಾ ಹಾಕುತ್ತೀರಾ? ನೀರು ಹಾಕುತ್ತೀರಾ ಕೋಳಿ ರಸ ಹಾಕುತ್ತೀರಾ? ಸಾಸ್ ಯಾವುದು?

ಎರಡನೆಯದೇ ಕಣ್ಣಿಗೆ ಕಾಣದ ಕಾಟ. ಬಟಾಣಿ ಕುಡಿಯ ಸೊಪ್ಪು, ಬೆಳ್ಳುಳ್ಳಿ ಹಾಕಿ ಹಸಿರು ಹಸಿರಾಗಿ ಬರುತ್ತದಲ್ಲ, ಅದಕ್ಕೆ ಕೊನೆಯಲ್ಲಿ ಒಂದು ಸೌಟು ಕೋಳಿ ರಸ ಬೀಳುವುದು ಮಾಮೂಲು. ಹೇಳಿದರೆ ನೀರು ಹಾಕುತ್ತಾರೆ. ಇನ್ನು ಸಾಸ್. ಆಯ್ಸ್ಟರ್ ಸಾಸ್ ಕಪ್ಪೆಚಿಪ್ಪಿನ ರಸ. 1888ರಲ್ಲಿ ಗುವಾಂಗ್‌ಡಾಂಗ್ ಕಡೆಯ ಲೀ ಕುಮ್ ಶೆಂಗ್ ಅನ್ನುವ ಹೋಟೆಲಿನವನು ಚಿಪ್ಪಿನ ಸಾರನ್ನು ಒಲೆಯ ಮೇಲೆ ಮರೆತು ಕಂಡುಹಿಡಿದ ಅಂತ ಆ ಕಂಪನಿಯವರೇ ಕಥೆ ಹೇಳುತ್ತಾರೆ. ಅದರಲ್ಲೇ ಅಣಬೆಯಿಂದ ಮಾಡಿದ ಸಸ್ಯಾಹಾರಿ ಬಾಟಲಿಯೂ ಬರುತ್ತದೆ, ಅನೇಕ ಅಡುಗೆಮನೆಯಲ್ಲಿ ಇರುತ್ತದೆ. ಎಕ್ಸ್ಒ ಸಾಸ್ ಅಂತ ಕಂಡರೆ ಕೈ ಮುಗಿದು ಬಿಡಿ, ಅದರಲ್ಲಿ ಒಣಗಿಸಿದ ಚಿಪ್ಪುಜೀವಿ, ಹಂದಿ ಎರಡೂ ಇವೆ.

ಬೆಳ್ಳುಳ್ಳಿ ಸಾಸಿನ ಬದನೆಕಾಯಿಯನ್ನು ಚೀನೀ ಭಾಷೆಯಲ್ಲಿ ಮೀನಿನ ಪರಿಮಳದ ಬದನೆ ಅನ್ನುತ್ತಾರೆ. ಅದರಲ್ಲಿ ಮೀನು ಇರುವುದಿಲ್ಲ, ಖೀಮಾ ಇರಬಹುದು. ಬಿಡಿಸಿ ಹೇಳಿದರೆ ಅಪ್ಪಟ ಸಸ್ಯಾಹಾರವಾಗಿ ಮಾಡಿಕೊಡುತ್ತಾರೆ. ಹಾಟ್ ಅಂಡ್ ಸೋರ್ ಸೂಪ್ ಮಾತ್ರ ಬೇಡವೇ ಬೇಡ. ಬೆಳಗ್ಗೆಯೇ ದೊಡ್ಡ ಹಂಡೆಯಲ್ಲಿ ಕೋಳಿ ರಸಕ್ಕೆ ಹಂದಿ, ಮೊಟ್ಟೆ ಹಾಕಿ ಮಾಡಿಟ್ಟಿರುತ್ತಾರೆ. ನಿಮಗೋಸ್ಕರ ಅದರಿಂದ ಏನನ್ನೂ ತೆಗೆಯಲು ಆಗುವುದಿಲ್ಲ.

ಬಾಣಲೆ ಒಂದೇ ಅನ್ನುವ ರಾಯರ ಮಾತು ಅರ್ಧ ನಿಜ. ಪ್ರತಿ ತಟ್ಟೆಗೂ ನಡುವೆ ಬಾಣಲೆಗೆ ನೀರು ಬಿಟ್ಟು ಬಿದಿರಿನ ಬ್ರಷ್ಷಿನಲ್ಲಿ ಉಜ್ಜಿ ಚೆಲ್ಲುತ್ತಾರೆ. ಒಲೆಯ ಹಿಂದೆಯೇ ನಲ್ಲಿ ಇರುತ್ತದೆ. ಆದರೆ ಕರಿಯುವ ಎಣ್ಣೆ ಒಂದೇ ಇರಬಹುದು. ಅದು ಆಗಲ್ಲ ಅನ್ನುವವರು ಕರಿದದ್ದು ಬಿಟ್ಟು ಹುರಿದದ್ದು, ಬೇಯಿಸಿದ್ದು ತಿನ್ನಬೇಕು. ಅದನ್ನು ನಿಮ್ಮ ಮಾವನವರೇ ತೀರ್ಮಾನಿಸಲಿ, ನಾವಲ್ಲ.

ಅರಕಲಗೂಡಿನವಳು

ಬಾಣಲೆ ಸರ್, ತುಂಬಾ ಉಪಕಾರ. ಮಾವನವರಿಗೆ ಓದಿ ಹೇಳಿದೆ. "ತೊಳೆದ ಬಾಣಲೆ ಆದ್ರೆ ಆಗ್ಲಿ, ಮದ್ರಾಸ್ ಮಿಲಿಟರಿ ಹೋಟ್ಲಲ್ಲಿ ಕಾಫಿ ಕುಡಿದವನು ನಾನು" ಅಂದರು. ಹೊಸ ವಿಷಯ ಗೊತ್ತಾಯಿತು! ಅವರ ಈಗಿನ ಪ್ರಶ್ನೆ ಬೇರೆ. ಎಲ್ಲರೂ ತಾವು ತಿನ್ನುವ ಕಡ್ಡಿಯನ್ನೇ ನಡುವಿನ ತಟ್ಟೆಗೆ ಹಾಕುತ್ತಾರಲ್ಲ, ಎಂಜಲಲ್ವಾ ಅಂತ.

ಶಿಂಚು ಶಿವಮೊಗ್ಗ

ಚಿಪ್ ಕಂಪನಿ ಕೆಲಸದ ಮೇಲೆ ತೈವಾನಿನ ಶಿಂಚುವಿನಲ್ಲಿ ಇದ್ದವನು ನಾನು. ಎಂಜಲಿನ ಚಿಂತೆ ಅವರಿಗೂ ಇದೆ. ಹಂಚಿಕೊಳ್ಳುವುದಕ್ಕೇ ಬೇರೆ ಕಡ್ಡಿ ಇಡುವ ರೂಢಿ ಇದೆ. "ಗೊಂಗ್ ಕ್ವಾಯ್" ಅಂದರೆ ತಂದುಕೊಡುತ್ತಾರೆ. ಪ್ರತಿ ತಟ್ಟೆಗೂ ಒಂದೊಂದು ದೊಡ್ಡ ಚಮಚ ಕೇಳಿದರೂ ಆಯಿತು.

ಇದರ ಹಿಂದೆ ಒಂದು ಕಥೆ ಇದೆ. ಪೆನಾಂಗ್‌ನಲ್ಲಿ ಹುಟ್ಟಿದ ವು ಲಿಯೆನ್ ತೆ ಅನ್ನುವ ಡಾಕ್ಟರು 1910-11ರಲ್ಲಿ ಮಂಚೂರಿಯಾದ ಪ್ಲೇಗನ್ನು ತಡೆದವರು. ಬಟ್ಟೆಯ ಮಾಸ್ಕ್ ಹಾಕಿಸಿದವರೂ ಅವರೇ. ಒಂದೇ ತಟ್ಟೆಗೆ ಎಲ್ಲರ ಕಡ್ಡಿ ಬೀಳುವುದು ರೋಗಕ್ಕೆ ದಾರಿ ಅಂತ ಅವರು ನಡುವೆ ತಿರುಗುವ ಹಲಗೆ, ಪ್ರತಿ ತಟ್ಟೆಗೂ ಬೇರೆ ಚಮಚ ಇಡಿ ಅಂತ ಬರೆದರು. ಈಗ ಎಲ್ಲ ದೊಡ್ಡ ಮೇಜಿನ ಮೇಲೂ ಕಾಣುವ ಆ ಗಾಜಿನ ಚಕ್ರ ಅಮೆರಿಕದ ಚೈನೀಸ್ ಹೋಟೆಲುಗಳಲ್ಲಿ ಹಬ್ಬಿದ್ದು ಬಹಳ ತಡವಾಗಿ, 1950ರ ದಶಕದಲ್ಲಿ. ಮಂಚೂರಿಯಾದ ಹೆಸರು ಕೇಳಿದರೆ ನಮಗೆ ಗೋಬಿ ಒಂದೇ ನೆನಪಾಗುತ್ತದೆ, ಏನು ಮಾಡುವುದು!

ಮುಖ್ಯ ವಿಷಯ ಇದು. ಜೊತೆಗೆ ಬರುವವರು ತೈವಾನಿನವರು ಅಂದಿರಿ. ಹಾಗಿದ್ದರೆ ನಿಮಗೆ ಅರ್ಧ ಕೆಲಸ ಉಳಿಯಿತು. ಬೌದ್ಧ ಸಸ್ಯಾಹಾರ ಅಲ್ಲಿ ಮನೆಮನೆಗೂ ಗೊತ್ತು. ಅಂಗಡಿಯ ಪೊಟ್ಟಣಗಳ ಮೇಲೆ ಸಸ್ಯಾಹಾರವನ್ನು ಐದು ಬಗೆ ಮಾಡಿ ಬರೆದಿರುತ್ತಾರೆ: ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಎರಡೂ ಇಲ್ಲದ್ದು, ಈರುಳ್ಳಿ ಬೆಳ್ಳುಳ್ಳಿ ಇರುವುದು. ನಿಮ್ಮ ಮಾವನವರಂಥವರು ಅಲ್ಲಿ ವಿಶೇಷವೇ ಅಲ್ಲ. ಆ ಹುಡುಗನ ತಾಯಿಗೆ "ಮಾವ ಛ್ರ್ ಸು (ಅಂದರೆ ಸಸ್ಯಾಹಾರಿ), ಮೊಟ್ಟೆ ಕೂಡ ಇಲ್ಲ, ಬೆಳ್ಳುಳ್ಳಿ ಪರವಾಗಿಲ್ಲ" ಅನ್ನಿ ಸಾಕು. ಅವರೇ ಹಿಂದಿನ ದಿನ ಹೋಟೆಲಿಗೆ ಫೋನ್ ಮಾಡಲಿ. ಹನ್ನೆರಡು ಜನಕ್ಕೆ ಹೇಗೂ ಮೊದಲೇ ಹೇಳಬೇಕು.

ಅಂದಹಾಗೆ, ಅಲ್ಲಿನ ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿ ಬಿಡುವುದರ ಜೊತೆಗೆ ಹಳೇ ಗ್ರಂಥದ ಪಟ್ಟಿಯಲ್ಲಿ ಇಂಗನ್ನೂ ಸೇರಿಸಿದ್ದಾರೆ. ನಮ್ಮಲ್ಲಿ ಬೆಳ್ಳುಳ್ಳಿ ಬಿಟ್ಟವರು ಇಂಗಿನಿಂದಲೇ ಬದುಕಿರುವುದು!

ಇಷ್ಟಾಗಿಯೂ ಮಾವನವರು ಒಪ್ಪದಿದ್ದರೆ ನಿಮ್ಮ ಹತ್ತಿರವೇ ಹಸಿಯೆಂಡಾ ಹೈಟ್ಸ್‌ನಲ್ಲಿ ಶೀ ಲಾಯ್ ದೇವಸ್ಥಾನ ಇದೆ. 1988ರಲ್ಲಿ ಆದದ್ದು, ಗುಡ್ಡದ ಮೇಲೆ. ಅಲ್ಲಿನ ಮಧ್ಯಾಹ್ನದ ಊಟ ಪೂರ್ತಿ ಸಸ್ಯಾಹಾರ. ಬೇರೆ ದಿನ ಅವರಿಬ್ಬರನ್ನೇ ಕರೆದುಕೊಂಡು ಹೋಗಿ. ಗೋಧಿಯ ಅಂಟಿನಿಂದ ಮಾಡಿದ, ಮಾಂಸದ ಹಾಗೇ ಕಾಣುವ ತುಂಡುಗಳು ಇಂಥ ಊಟದಲ್ಲಿ ಸಾಮಾನ್ಯ. ಮೊದಲೇ ಹೇಳಿಡಿ, ಇಲ್ಲದಿದ್ದರೆ ಎದ್ದು ಬರುತ್ತಾರೆ.

ಗಾಂಧಿಬಜಾರ್ ರಾಯರು

ಸರಿಯಪ್ಪ, ಬಾಣಲೆ ಬಿಡೋಣ. ಅಜಿನೊಮೊಟೊ ಬಗ್ಗೆ ಯಾರೂ ಮಾತಾಡಲಿಲ್ಲ.

ದಾವಣಗೆರೆ ಡಾಕ್ಟ್ರಮ್ಮ

ನಾನು ಮಾತಾಡುತ್ತೇನೆ ರಾಯರೇ. ಅದು 1908ರಲ್ಲಿ ಜಪಾನಿನ ಇಕೆಡಾ ಅನ್ನುವ ರಸಾಯನಶಾಸ್ತ್ರಜ್ಞರು ಕಡಲಪಾಚಿಯ ಸಾರಿನಿಂದ ತೆಗೆದದ್ದು. ಅದೇ ಗ್ಲುಟಮೇಟ್ ಟೊಮೆಟೊದಲ್ಲೂ ಇದೆ, ಅಣಬೆಯಲ್ಲೂ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ಡಾಕ್ಟರು ಓದುಗರ ಪತ್ರ ಬರೆದರು. ಚೈನೀಸ್ ಹೋಟೆಲಿನಲ್ಲಿ ತಿಂದರೆ ಕುತ್ತಿಗೆ ಹಿಂದೆ ಜೋಮು ಹಿಡಿಯುತ್ತದೆ, ಕಾರಣ ಸೋಯಾ ಸಾಸೋ, ವೈನೋ, ಈ ಪುಡಿಯೋ, ಉಪ್ಪೋ ಅಂತ. ಅವರು ಕೇಳಿದ್ದು ಪ್ರಶ್ನೆ. ಜನ ಹಿಡಿದುಕೊಂಡದ್ದು ಒಂದೇ ಉತ್ತರ. ಆಮೇಲೆ ಗುಟ್ಟಾಗಿ ಒಬ್ಬರಿಗೆ ಪುಡಿ, ಇನ್ನೊಬ್ಬರಿಗೆ ಬರೀ ಸಪ್ಪೆ ಕೊಟ್ಟು ಪರೀಕ್ಷೆ ಮಾಡಿದಾಗ ಊಟದಲ್ಲಿ ಬೀಳುವ ಪ್ರಮಾಣಕ್ಕೆ ತಲೆನೋವು ಬರುತ್ತದೆ ಅನ್ನುವುದು ಗಟ್ಟಿಯಾಗಿ ನಿಲ್ಲಲಿಲ್ಲ. ಪುಡಿಯನ್ನೇ ಹೆಚ್ಚು ನುಂಗಿಸಿದಾಗ ಕೆಲವರಿಗೆ ಸ್ವಲ್ಪ ಹೊತ್ತು ಕಸಿವಿಸಿ ಆದದ್ದು ಉಂಟು. ಇನ್ನು ನಾವು ಮನೆಯಲ್ಲಿ ತಿನ್ನುವ ಕುರುಕಲು ಪೊಟ್ಟಣದ ಹಿಂದೆ ಓದಿ ನೋಡಿ, ಯಾವುದರಲ್ಲಿ ಇಲ್ಲ?

ನಿಜವಾಗಿ ನೋಡಬೇಕಾದದ್ದು ಉಪ್ಪು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2,000 ದಾಟಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾವನವರಿಗೆ ಬಿಪಿ ಇದ್ದರೆ ಅನ್ನದ ಮೇಲೆ ಸಾಸ್ ಸುರಿದುಕೊಳ್ಳದಂತೆ ನೋಡಿಕೊಳ್ಳಿ. ಬಿಳಿ ಅನ್ನವನ್ನು ಬಿಳಿಯಾಗೇ ತಿನ್ನಲಿ, ಅಲ್ಲಿನವರು ತಿನ್ನುವುದೂ ಹಾಗೇ.

ಸ್ಯಾನ್ ಗೇಬ್ರಿಯಲ್ ಸೀನ

ವಿಷಯಕ್ಕೆ ಸ್ವಲ್ಪ ಹೊರಗೆ ಹೋಗುತ್ತೇನೆ, ಬೈಯಬೇಡಿ. ಊರ ನಡುವೆ ಚೈನಾಟೌನ್ ಇರುವಾಗ ಇಷ್ಟು ಒಳ್ಳೆಯ ಹೋಟೆಲುಗಳು ಸಾಲು ಮನೆಗಳ ನಡುವಿನ ಸಬರ್ಬಿನಲ್ಲಿ ಯಾಕಿವೆ ಅಂತ ನನ್ನ ಅಪ್ಪ ಕೇಳಿದ್ದರು. ಕಾರಣ 1965ರ ವಲಸೆ ಕಾಯ್ದೆ. ಅದಾದ ಮೇಲೆ ಓದಿದವರು, ದುಡ್ಡಿದ್ದವರು ತೈವಾನ್, ಹಾಂಕಾಂಗ್‌ಗಳಿಂದ ಬಂದರು. ಅವರಿಗೆ ಚೈನಾಟೌನಿನ ಇಕ್ಕಟ್ಟು ಬೇಡ, ಹಿತ್ತಲು ಇರುವ ಮನೆ, ಒಳ್ಳೆಯ ಸ್ಕೂಲು ಬೇಕು. 1970ರ ದಶಕದಲ್ಲಿ ಫ್ರೆಡರಿಕ್ ಶೇ ಅನ್ನುವ ರಿಯಲ್ ಎಸ್ಟೇಟಿನವರು ಮಾಂಟೆರೆ ಪಾರ್ಕನ್ನು ಚೀನೀಯರ ಬೆವರ್ಲಿ ಹಿಲ್ಸ್ ಅಂತ ಜಾಹೀರಾತು ಮಾಡಿ ಮಾರಿದರು. 1990ರ ಜನಗಣತಿ ಹೊತ್ತಿಗೆ ಆ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಏಷ್ಯಾದವರು. ಜನ ಬಂದ ಕಡೆ ಅಡುಗೆಯವರೂ ಬಂದರು. ಆಲ್ಹಾಂಬ್ರಾ, ಸ್ಯಾನ್ ಗೇಬ್ರಿಯಲ್, ಆರ್ಕೇಡಿಯಾ, ಕೊನೆಗೆ ನಿಮ್ಮ ರೋಲಂಡ್ ಹೈಟ್ಸ್. ತೈಪೆಯ ದಿನ್ ತಾಯ್ ಫುಂಗ್ 2000ದಲ್ಲಿ ಅಮೆರಿಕದ ಮೊದಲ ಅಂಗಡಿ ತೆರೆದದ್ದು ಆರ್ಕೇಡಿಯಾದಲ್ಲಿ. ನ್ಯೂಯಾರ್ಕಿನಲ್ಲಿ ಅಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಲ್ಲ.

ಬೋರ್ಡಿನ ಗಲಾಟೆಯೂ ಆಗಿತ್ತು. 1980ರ ದಶಕದಲ್ಲಿ ಅಂಗಡಿ ಬೋರ್ಡುಗಳೆಲ್ಲ ಚೀನೀ ಲಿಪಿಯಲ್ಲಿವೆ, ಇಂಗ್ಲಿಷ್ ಎಲ್ಲಿ ಅಂತ ಹಳಬರು ಜಗಳಕ್ಕೆ ನಿಂತರು. ಬೆಂಗಳೂರಿನಲ್ಲಿ 60% ಕನ್ನಡ ಬೋರ್ಡಿನ ಗದ್ದಲ ನಡೆದಾಗ ನನಗೆ ಇದೇ ನೆನಪಾಯಿತು. ಆದರೆ ಅಲ್ಲಿ ಯಾರು ಮೊದಲು ಇದ್ದವರು, ಯಾರು ಬಂದವರು ಅನ್ನುವುದೇ ತಿರುಗಾ ಮುರುಗಾ.

ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಚಿಕ್ಕದಾದಷ್ಟೂ ಒಳಗೆ ಊಟ ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಯಾರಾದರೂ ತಪ್ಪು ಅಂತ ತೋರಿಸಿ ನೋಡೋಣ.

ಟೊರೊಂಟೊ ತಮ್ಮಯ್ಯ

ತೋರಿಸುತ್ತೇನೆ ಬನ್ನಿ. ನಮ್ಮ ಸ್ಕಾರ್ಬರೊದಲ್ಲಿ "ಹಕ್ಕಾ" ಅಂತ ದೊಡ್ಡ ಇಂಗ್ಲಿಷ್ ಅಕ್ಷರದಲ್ಲೇ ಬೋರ್ಡು. ಒಳಗೆ ಹೋದರೆ ಕ್ಯಾಶ್ ಕೌಂಟರಿನ ಚೀನೀ ಅಜ್ಜಿ ಬಂಗಾಳಿ, ಹಿಂದಿ ಮಾತಾಡುತ್ತಾರೆ. ಕೋಲ್ಕತ್ತಾದ ಟ್ಯಾಂಗ್ರಾದಿಂದ ಬಂದವರು. ಅವರ ಹಿರಿಯರು ಅಲ್ಲಿ ಚರ್ಮ ಹದ ಮಾಡುತ್ತಿದ್ದರು. 1962ರ ಯುದ್ಧವಾದಾಗ ಚೀನೀ ಮೂಲದ ಸುಮಾರು 3,000 ಜನರನ್ನು ಹಿಡಿದು ರಾಜಸ್ಥಾನದ ದೇವಳಿ ಕ್ಯಾಂಪಿನಲ್ಲಿ ಇಟ್ಟರು. ಭಾರತದಲ್ಲೇ ಹುಟ್ಟಿ ಬೆಳೆದವರನ್ನು! ಅದಾದ ಮೇಲೆ ತುಂಬಾ ಕುಟುಂಬಗಳು ದೇಶ ಬಿಟ್ಟವು. 1996ರಲ್ಲಿ ಸುಪ್ರೀಂ ಕೋರ್ಟು ಟ್ಯಾನರಿಗಳನ್ನು ಟ್ಯಾಂಗ್ರಾದಿಂದ ಎತ್ತಿಸಿತು. ಇನ್ನಷ್ಟು ಜನ ಕೆನಡಾಕ್ಕೆ ಬಂದರು. ಜೊತೆಗೆ ಚಿಲ್ಲಿ ಚಿಕನ್, ಹಕ್ಕಾ ನೂಡಲ್ಸ್ ಎಲ್ಲ ಬಂತು.

ನಮ್ಮ ಅಪ್ಪ ಅಮ್ಮ ಬಂದಾಗ ಅಲ್ಲಿಗೇ ಹೋಗುತ್ತೇವೆ. ಗೋಬಿ ಮಂಚೂರಿ ಸಿಗುತ್ತದೆ, ಪನೀರ್ ಸಿಗುತ್ತದೆ, "ನೋ ಎಗ್" ಅಂದರೆ ಮರುಪ್ರಶ್ನೆ ಇಲ್ಲ. ಅಕ್ಕಾ, ನೀವು ಒಂದು ಮಾತ್ರ ಮಾವನವರಿಗೆ ಮೊದಲೇ ಹೇಳಿಡಿ. ರೋಲಂಡ್ ಹೈಟ್ಸ್‌ನಲ್ಲಿ ಗೋಬಿ ಮಂಚೂರಿ ಇರುವುದಿಲ್ಲ. ನಮ್ಮವರಿಗೆ ಚೈನೀಸ್ ಅಂದರೆ ಅದೇ ಅಲ್ವಾ. ಮಂಚೂರಿ ಹುಟ್ಟಿದ್ದು ಮುಂಬಯಿಯಲ್ಲಿ, 1975ರಲ್ಲಿ, ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಮಾಡಿದ್ದು ಅಂತಾರೆ. ಕೋಳಿ ಹೋಗಿ ಹೂಕೋಸು ಬಂದದ್ದು ಆಮೇಲೆ.

ಆರ್.ಆರ್. ನಗರದ ಹುಡುಗ

ಇಲ್ಲೀಗ ಗೋಬಿಯ ಬಣ್ಣವೇ ಬೇರೆ. 2024ರ ಮಾರ್ಚಿನಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧ ಮಾಡಿದ ಮೇಲೆ ನಮ್ಮ ರಸ್ತೆ ಕೊನೆಯ ಗಾಡಿಯಲ್ಲಿ ಗೋಬಿ ಕಂದು ಬಣ್ಣದಲ್ಲಿ ಬರುತ್ತಿದೆ. ರುಚಿ ಅದೇ. ಆದರೂ ಜನ "ಕೆಂಪಿಲ್ವಾ?" ಅಂತ ಕೇಳುವುದು ಬಿಟ್ಟಿಲ್ಲ.

ಅರಕಲಗೂಡಿನವಳು

ಊಟ ಆಯಿತು! ನಿನ್ನೆ ಸಂಜೆ ಹೋಗಿ ಬಂದೆವು. ಎಲ್ಲರಿಗೂ ವರದಿ ಕೊಡಬೇಕಲ್ಲ.

ಶಿಂಚು ಅವರು ಹೇಳಿದ ಹಾಗೆ ಆ ಹುಡುಗನ ತಾಯಿಗೆ ಹೇಳಿದೆ. ಅವರು "ನಮ್ಮ ಅತ್ತೆಯೂ ತಿಂಗಳಿಗೆ ಎರಡು ದಿನ ಇದೇ ವ್ರತ, ಚಿಂತೆ ಬಿಡಿ" ಅಂದರು. ಹೋಟೆಲಿನಲ್ಲಿ ಮಾಲೀಕರ ಜೊತೆ ನಿಂತು ಐದು ತಟ್ಟೆಗಳನ್ನು ಒಂದೊಂದಾಗಿ ಮಾತಾಡಿ ಮುಗಿಸಿದರು. ಆ ಐದನ್ನು ಚಕ್ರದ ಮೇಲೆ ಇಡಲೇ ಇಲ್ಲ, ಮಾವನವರ ಮುಂದೆ ಮೇಜಿನ ಅಂಚಿಗೆ ಇಡಿಸಿದರು. ಬೇರೆ ಚಮಚ, ಬೇರೆ ಬಟ್ಟಲು. ಎಂಜಲಿನ ಪ್ರಶ್ನೆಯೇ ಏಳಲಿಲ್ಲ. ಬಟಾಣಿ ಸೊಪ್ಪು, ಬದನೆಕಾಯಿ, ಖೀಮಾ ಇಲ್ಲದ ಬೀನ್ಸ್, ಖೀಮಾ ಬದಲು ಅಣಬೆ ಹಾಕಿದ ಮಾಪೊ ತೋಫು (ಸೋಯಾ ಪನೀರಿನ ಖಾರದ ಅಡುಗೆ), ಮತ್ತೆ ಈರುಳ್ಳಿ ಸೊಪ್ಪಿನ ಪದರ ಪದರದ ರೊಟ್ಟಿ. ಮಾವನವರು ರೊಟ್ಟಿಯ ಒಂದು ಮೂಲೆಯನ್ನು ಬೆರಳಲ್ಲಿ ಎತ್ತಿ, ಪದರ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು. ಬಾಯಿಗೆ ಹಾಕಿಕೊಂಡರು. "ಇನ್ನೊಂದು ಪ್ಲೇಟ್ ಹೇಳು" ಅಂದರು. ಕಡ್ಡಿ ಮುಟ್ಟಲಿಲ್ಲ, ಆರಾಮಾಗಿ ಕೈಯಲ್ಲೇ ತಿಂದರು. ಅದನ್ನು ನೋಡಿ ಆ ಹುಡುಗನ ತಂಗಿಯೂ ಕಡ್ಡಿ ಕೆಳಗಿಟ್ಟಳು.

ಮೀನೂ ಬಂತು, ಕುಂದಾಪುರದವರೇ. ಅಲ್ಲೇ ತಮಾಷೆ ಆದದ್ದು. ಮೀನಿನ ತಲೆಯನ್ನು ಮೇಜಿನಲ್ಲಿ ಎಲ್ಲರಿಗಿಂತ ಹಿರಿಯರ ಕಡೆಗೆ ತಿರುಗಿಸಿ ಇಡಬೇಕಂತೆ, ಅದು ಮರ್ಯಾದೆ. ಬಡಿಸುವ ಹುಡುಗನಿಗೆ ಏನು ಗೊತ್ತು? ಇಷ್ಟುದ್ದ ಮೀನನ್ನು ತಂದು ಮಾವನವರ ಮುಖಕ್ಕೆ ನೇರವಾಗಿ ತಲೆ ಮಾಡಿ ಇಟ್ಟ. ಕಣ್ಣು ಬಿಟ್ಟುಕೊಂಡ ಮೀನು. ಮೇಜೆಲ್ಲ ಮೌನ. ಮಗನ ಗೆಳೆಯನ ತಂದೆ ಅರ್ಧ ಎದ್ದು ಚಕ್ರ ತಿರುಗಿಸಲು ಹೋದರು. ಯಾಕೆ ಹೀಗಿಟ್ಟರು ಅಂತ ಮಾವ ಮೊಮ್ಮಗನನ್ನು ಕೇಳಿದರು, ಅವನು ಹೇಳಿದ. "ಹಾಗಾದ್ರೆ ಇವತ್ತಿನ ಯಜಮಾನ ನೀನೇ, ನಾನಲ್ಲ" ಅಂತ ತಾವೇ ಗಾಜಿಗೆ ಬೆರಳು ಒತ್ತಿ ಮೆಲ್ಲಗೆ ತಿರುಗಿಸಿ ಮೊಮ್ಮಗನ ಮುಂದೆ ನಿಲ್ಲಿಸಿದರು.

ಬಿಲ್ಲಿನಲ್ಲಿ ನಾವು ಸೋತೆವು. ಆ ಹುಡುಗನ ತಂದೆ ಕೈ ತೊಳೆದು ಬರುತ್ತೇನೆ ಅಂತ ಹೋದವರು ಕೊಟ್ಟೇ ಬಂದಿದ್ದರು. ನಮ್ಮವರು ಕಾರ್ಡು ಹಿಡಿದು ಕೌಂಟರಿಗೆ ಓಡಿದರೆ ಅಲ್ಲಿನವರು ನಕ್ಕರು. ಈಗ ಏನು ಮಾಡುವುದು?

ಕುಂದಾಪುರದ ಹೆಣ್ಣು

ಮಾವನವರಿಗೆ ನನ್ನದೊಂದು ನಮಸ್ಕಾರ ತಲುಪಿಸಿ ಅಕ್ಕಾ. ಮೀನಿನ ಕೆನ್ನೆಯ ಮಾಂಸ ಯಾರು ತಿಂದರು ಅಂತ ನೀವು ಹೇಳಲೇ ಇಲ್ಲ. ತಲೆ ಯಾರ ಕಡೆಗಿತ್ತೋ ಅವರಿಗೇ ಸೇರಬೇಕು ಅದು.

ಸ್ಯಾನ್ ಗೇಬ್ರಿಯಲ್ ಸೀನ

ಬಿಲ್ಲಿನ ವಿಷಯ: ದುಡ್ಡು ಕಳಿಸಲು ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಮುಂದಿನ ಊಟ ನಿಮ್ಮದು, ಅಷ್ಟೇ. ಮನೆಗೆ ಕರೆಯಿರಿ. ಹೋಟೆಲೇ ಆದರೆ ಹೋದ ತಕ್ಷಣ, ಕೂರುವ ಮೊದಲೇ ಕೌಂಟರಿಗೆ ಕಾರ್ಡ್ ಕೊಟ್ಟುಬಿಡಿ. ಅವರೂ ಅದನ್ನೇ ಮಾಡಲು ಬರುತ್ತಾರೆ, ಹಾಗಾಗಿ ಹತ್ತು ನಿಮಿಷ ಮುಂಚೆ ಹೋಗಿ. ದೊಡ್ಡ ಗುಂಪಾದರೆ ಬಿಲ್ಲಿನಲ್ಲೇ ಟಿಪ್ಪು ಸೇರಿಸಿರುವುದು ಉಂಟು, ನೋಡಿ ಸಹಿ ಹಾಕಿ. ಮೇಲೆ ಇನ್ನೊಮ್ಮೆ ಕೊಟ್ಟವರನ್ನು ಕಂಡಿದ್ದೇನೆ.

ಗಾಂಧಿಬಜಾರ್ ರಾಯರು

ಓದಿ ಸಂತೋಷವಾಯಿತು. ಆದರೂ ಆರ್ಟೀಸಿಯಾ ಅಂತಲೇ ನನ್ನ ಓಟು.

ಅರಕಲಗೂಡಿನವಳು

ನಿಮ್ಮ ಓಟು ಗೊತ್ತೇ ಇತ್ತು ರಾಯರೇ. ಮನೆಗೆ ಕರೆಯುವುದು ಅಂತ ತೀರ್ಮಾನ ಆಗಿದೆ, ಬಿಸಿಬೇಳೆಬಾತ್, ಹೋಳಿಗೆ. ಮಾವನವರಿಗೆ ಈಗ ಮಾಪೊ ತೋಫು ಮನೆಯಲ್ಲೇ ಬೇಕಂತೆ. ನಾಲಿಗೆ ಜುಮ್ ಅನ್ನುವ ಆ ಕಾಳು ಯಾವುದು?

ಶಿರಸಿ ಸುಬ್ಬಿ

ಅದು ಸಿಚುವಾನ್ ಪೆಪ್ಪರ್. ಹೆಸರಿನಲ್ಲಿ ಮೆಣಸು ಇದ್ದರೂ ಕಾಳುಮೆಣಸಿನ ಬಳಗ ಅಲ್ಲ. ನಮ್ಮ ಮಲೆನಾಡಿನ ಜುಮ್ಮನಕಾಯಿಯ ಹತ್ತಿರದ ನೆಂಟ. ಕೊಂಕಣಿಯವರು ತೆಪ್ಪಳ ಅಂತ ಮೀನು ಸಾರಿಗೆ ಹಾಕುತ್ತಾರಲ್ಲ, ಅದು. ಎರಡರಲ್ಲೂ ಒಳಗಿನ ಕಪ್ಪು ಬೀಜ ಬಿಸಾಡಿ ಸಿಪ್ಪೆ ಮಾತ್ರ ಬಳಸಬೇಕು. ಬೀಜ ಹಲ್ಲಿಗೆ ಸಿಕ್ಕರೆ ಮರಳು ಕಡಿದ ಹಾಗೆ. ಅಮೆರಿಕದಲ್ಲಿ ಸಿಚುವಾನ್ ಪೆಪ್ಪರ್ ತರಿಸುವುದಕ್ಕೆ 1968ರಿಂದ 2005ರವರೆಗೆ ನಿಷೇಧ ಇತ್ತು, ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ತರುತ್ತದೆ ಅಂತ. ಈಗ ಎಲ್ಲ ಚೀನೀ ಅಂಗಡಿಯಲ್ಲೂ ಸಿಗುತ್ತದೆ.

ಮಾಡುವುದು ಸುಲಭ. ಮೆತ್ತಗಿನ ತೋಫು ತುಂಡು ಮಾಡಿ ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಐದು ನಿಮಿಷ ಇಡಿ, ಗಟ್ಟಿಯಾಗುತ್ತದೆ. ಬಾಣಲೆಯಲ್ಲಿ ಎಣ್ಣೆ ಧಾರಾಳ ಇರಲಿ. ಸಣ್ಣಗೆ ಕೊಚ್ಚಿದ ಅಣಬೆಯನ್ನು ನೀರು ಆರುವವರೆಗೆ ಹುರಿದು, ದೌಬಾನ್‌ಜಿಯಾಂಗ್ ಎರಡು ಚಮಚ ಹಾಕಿ. ಅದು ಅವರೆ ಜಾತಿಯ ಕಾಳು, ಮೆಣಸಿನಕಾಯಿ ಸೇರಿಸಿ ಹುಳಿ ಬರಿಸಿದ ಪೇಸ್ಟು, ಚೆಂಗ್ಡು ಹತ್ತಿರದ ಪೀಶಿಯನ್ನಿನದು ಚೆನ್ನಾಗಿರುತ್ತದೆ. ಎಣ್ಣೆ ಕೆಂಪಾಗುವವರೆಗೆ ಸಣ್ಣ ಉರಿ. ಶುಂಠಿ, ಬೆಳ್ಳುಳ್ಳಿ, ಒಂದು ಲೋಟ ನೀರು, ತೋಫು. ಸೌಟಿನಿಂದ ಕಲಸಬೇಡಿ, ಹಿಂಬದಿಯಿಂದ ತಳ್ಳಿ. ಕಾರ್ನ್‌ಫ್ಲೋರ್ ನೀರು ಹಾಕಿ ಇಳಿಸಿ, ಹುರಿದು ಪುಡಿ ಮಾಡಿದ ಸಿಪ್ಪೆ ಉದುರಿಸಿ. ಉಪ್ಪು ಬೇರೆ ಹಾಕಬೇಡಿ, ಡಾಕ್ಟ್ರಮ್ಮ ಬೈಯುತ್ತಾರೆ. ಪೇಸ್ಟಿನಲ್ಲೇ ಬೇಕಾದಷ್ಟಿದೆ.

ಧಾರವಾಡದ ಮಂದಿ

ಅಕ್ಕಾರ, ಇದು ಜ್ವಾಳದ ರೊಟ್ಟಿ ಕೂಡ ನಡೀತೈತೇನ್ರೀ?

ಶಿರಸಿ ಸುಬ್ಬಿ

ನಡೆಯುತ್ತದೆ ಅಣ್ಣಾ. ಬಿಸಿ ರೊಟ್ಟಿ ಬೇಡ, ತೋಫು ಜೊತೆ ಅದೂ ಮೆತ್ತಗಾಗಿಬಿಡುತ್ತದೆ. ಖಡಕ್ ರೊಟ್ಟಿ ಮುರಿದುಕೊಂಡು ತಿನ್ನಿ. ಹಸಿ ಈರುಳ್ಳಿ ಪಕ್ಕದಲ್ಲಿರಲಿ.